ಬಳೆ ಗೌರಮ್ಮ ಮತ್ತು ನನ್ನ ಗರ್ಭಚೀಲ

ಬಳೆ ಗೌರಮ್ಮ ಒಮ್ಮೆ ಕೈ ಹಿಡಿದಳೆಂದರೆ ಆ ಮನೆಯ ಸಂಕಟವೆಲ್ಲ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಕೊಟ್ಟೂರಿನ ನಮ್ಮ ಓಣಿಗೆ ಬಳೆ ಹೊತ್ತು ಬರುತ್ತಿದ್ದ ಈ ಹೆಂಗಸು, ತೊಡಿಸುತ್ತ ತೊಡಿಸುತ್ತಲೇ ಯಾರು ಊಟ ಬಿಟ್ಟಿದ್ದಾರೆ, ಯಾರಿಗೆ ಗಂಡನ ಮೇಲೆ ಸಿಟ್ಟು ಎಂದೆಲ್ಲ ಹೇಳುತ್ತಿದ್ದಳು. ಅರ್ಧ ಊಹೆ, ಇನ್ನರ್ಧ ಓಣಿಯ ಸುದ್ದಿ ಎಂದು ನಾನು ನಗುತ್ತಿದ್ದೆ.

ಒಂದು ಸಲ ನನ್ನ ಬೆರಳು ಒತ್ತಿ ನೋಡಿ ಬಳೆ ಕೆಳಗಿಟ್ಟಳು. "ಟೀಚರಮ್ಮ, ಉಗುರು ಸುಣ್ಣದಂಗ ಆಗ್ಯಾವಲ್ರಿ. ರಕ್ತ ಎಲ್ಲಿಗೆ ಹೋಗಾಕತ್ತೈತಿ?"

ಹೇಳಿಬಿಟ್ಟೆ. ತಿಂಗಳಿಗೆ ಹತ್ತು ದಿನ ಮುಟ್ಟು. ಗರ್ಭಚೀಲದಲ್ಲಿ ಗಡ್ಡೆ ಇದೆ, ಚೀಲವನ್ನೇ ತೆಗೆಸಿಬಿಡಿ ಎಂದಿದ್ದರು ಡಾಕ್ಟರು. ಸೋಮವಾರ ಆಪರೇಷನ್. ನನಗಾಗ ಇಪ್ಪತ್ತೊಂಬತ್ತು, ಮಕ್ಕಳಾಗಿರಲಿಲ್ಲ. ಹೊಟ್ಟೆನೋವು ಎಂದವರೆಲ್ಲ ಚೀಲ ತೆಗೆಸಿಕೊಂಡು ಬರುತ್ತಿದ್ದ ಕಾಲ ಅದು, ಅತ್ತೆಯವರೂ ಬೇಡ ಅನ್ನಲಿಲ್ಲ.

"ಸೋಮವಾರ ಗೀಮವಾರ ಬ್ಯಾಡ್ರಿ. ಗಡ್ಡಿ ಅಷ್ಟ ತೆಗಿಯೋ ಡಾಕ್ಟರಮ್ಮ ದಾವಣಗೆರ್ಯಾಗ ಅದಾಳ. ಹರಪನಹಳ್ಳಿ ಹುಡುಗಿ ಒಬ್ಬಾಕಿಗೆ ಹೊಟ್ಟಿಗೆ ಸಣ್ಣ ತೂತು ಮಾಡಿ, ದುರ್ಬೀನು ಬಿಟ್ಟು ತೆಗೆದಾಳ. ಒಂದ್ಮಾತು ಕೇಳಿ ಬರೂಣು ನಡ್ರಿ, ನಾನೂ ಬರ್ತೀನಿ."

ಬಂದೇ ಬಂದಳು. ಸ್ಕ್ಯಾನಿಂಗ್ ನೋಡಿದ ಡಾಕ್ಟರಮ್ಮ ಚೀಲ ಉಳಿಸಲು ಪ್ರಯತ್ನಿಸುತ್ತೇನೆ ಎಂದರು. ಆಪರೇಷನ್ ದಿನ ಬಳೆ ಒಡೆಯಲು ನರ್ಸ್ ಬಂದಾಗ ಗೌರಮ್ಮ ಅಡ್ಡ ನಿಂತಳು. "ಮುತ್ತೈದಿ ಬಳಿ ಒಡಿತೀಯೇನವ್ವಾ? ಸೋಪು ತಾ ಇಲ್ಲಿ!" ಒಂದೂ ಚೂರಾಗದಂತೆ ಎಲ್ಲವನ್ನೂ ಕಳಚಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು.

ಎಚ್ಚರಾದಾಗ ಅತ್ತೆಯವರ ಗಲಾಟೆ. ಅವರು ನನ್ನ ಹೊದಿಕೆ ಸರಿಸಿ ನೋಡಿದರೆ ಹೊಟ್ಟೆಯ ಮೇಲೆ ಮೂರು ಸಣ್ಣ ಪಟ್ಟಿ ಮಾತ್ರ! "ಕೊಯ್ದೇ ಇಲ್ಲ, ಸುಮ್ನ ಮಲಗಿಸಿ ಕಳಿಸ್ಯಾರ!" ಡಾಕ್ಟರಮ್ಮ ಬಾಟಲಿಯಲ್ಲಿದ್ದ ಗಡ್ಡೆಯ ತುಂಡುಗಳನ್ನು ತೋರಿಸಿ, "ಚೀಲ ಇದ್ದಲ್ಲೇ ಇದೆಯಮ್ಮ" ಎಂದ ಮೇಲೆಯೇ ಅವರು ಕುರ್ಚಿಯಲ್ಲಿ ಕುಸಿದು ಕೂತದ್ದು. ನನಗೆ ಅಳು ಬಂತು. ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಗಿತ್ತು.

ಸಂಜೆ ಗೌರಮ್ಮ ಸೆರಗಿನ ಗಂಟು ಬಿಚ್ಚಿ ಬಳೆಗಳನ್ನು ಮತ್ತೆ ತೊಡಿಸತೊಡಗಿದಳು. "ನನ್ನ ಚೀಲ ಇಪ್ಪತ್ತಾರು ವರ್ಷಕ್ಕ ತೆಗೆದ್ರು, ಟೀಚರಮ್ಮ. ಬ್ಯಾಡ ಅನ್ನಾಕ ಯಾರೂ ಇರ್ಲಿಲ್ಲ." ಇಷ್ಟು ವರ್ಷ ಅವಳ ಮನೆಯ ಸುದ್ದಿಯನ್ನು ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಎರಡು ವರ್ಷದ ಮೇಲೆ ಐದು ತಿಂಗಳ ಮಗಳನ್ನು ಎತ್ತಿಕೊಂಡು ಹಡಗಲಿಗೆ ಹೋದೆ. ಗೌರಮ್ಮ ಅಲ್ಲಿ ತನ್ನ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅದೇ ಕೊನೆಯ ಭೇಟಿ. ಕೂಸನ್ನು ಮಗ್ಗುಲಿಗೆ ಮಲಗಿಸಿಕೊಂಡು ಬಹಳ ಹೊತ್ತು ನೋಡಿದಳು.

"ಕೂಸಿಗೆ ನನ್ನ ಹೆಸರು ಗಿಸರು ಇಟ್ಟೀರಿ ಮತ್ತ. ಬೈಯಾಕ ಬಾಯಿ ಬರಾಂಗಿಲ್ಲ ನಿಮಗ."

ಆಗಲೇ ಇಟ್ಟಾಗಿತ್ತು.