ಮುದಿ ಮೊಲವೋ, ಮರಿ ಮೊಲವೋ

ಹಲ್ಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಮೂವತ್ತು ವರ್ಷಗಳಿಂದ ಜನರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕೆಲಸ. ಕಿಟಕಿಯ ಬಳಿ ಉದ್ದನೆಯ ಮೇಜು, ಮೇಜಿನ ಮೇಲೆ ಗುಲಾಬಿ ಬಣ್ಣದ ಮೇಣದ ಹಾಳೆಗಳು, ಸ್ಪಿರಿಟ್ ದೀಪ, ಯಾರ್ಯಾರದೋ ದವಡೆಗಳ ಬಿಳಿ ಅಚ್ಚುಗಳು. ಬಾಯಿ ಬೊಚ್ಚಾಗಿ ಮೆಟ್ಟಿಲು ಹತ್ತಿದವರು ಮೂರು ವಾರದಲ್ಲಿ ನಗುತ್ತಾ ಇಳಿಯುತ್ತಿದ್ದರು. ಕೈ ಕೆಲಸದಲ್ಲಿ ಎತ್ತಿದ ಕೈ. ಆದರೆ ಮನೆಯಲ್ಲಿ ಒಂದು ಮಾತು ತೀರ್ಮಾನ ಮಾಡಬೇಕೆಂದರೆ ಅವನಿಗೆ ನಾಲಗೆಯೇ ಏಳುತ್ತಿರಲಿಲ್ಲ.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಂಡಸರನ್ನ ನೋಡಿದೀನಿ," ಎನ್ನುತ್ತಿದ್ದಳು ಅವನ ಹೆಂಡತಿ. "ಇವರದ್ದು ಹಂಗಲ್ಲ. ನೀವೆಷ್ಟು ಕಾಲು ಅಂತೀರೋ ಅಷ್ಟು."

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿಯ ಕೆಲಸಕ್ಕಿದ್ದಳು. ಮಕ್ಕಳಿರಲಿಲ್ಲ. ಮೊಲಗಳಿದ್ದವು, ಎರಡು: ಬಿಳಿಯಮ್ಮ ಮತ್ತು ಬೂದಪ್ಪ. ಗಂಡನ ಹೆಸರಿಗೆ ಜೋಡಿಯಾಗಲಿ ಎಂದು ಬೂದಪ್ಪನಿಗೆ ಆ ಹೆಸರಿಟ್ಟವಳು ಅವಳೇ. ಐದು ವರ್ಷ ಅವೆರಡೂ ಒಂದಕ್ಕೊಂದು ಅಂಟಿಕೊಂಡೇ ಬದುಕಿದವು. ಒಂದು ಮಂಗಳವಾರ ಬೆಳಿಗ್ಗೆ ಬಿಳಿಯಮ್ಮನಿಗೆ ಏಳಲಾಗಲಿಲ್ಲ. ಹೊಟ್ಟೆಯಲ್ಲಿ ಗಡ್ಡೆಯಾಗಿತ್ತೆಂದು ಆಮೇಲೆ ತಿಳಿಯಿತು. ಪಶುವೈದ್ಯೆಯ ಬಾಗಿಲು ಮುಟ್ಟುವ ಮೊದಲೇ, ಆಟೋದಲ್ಲಿ, ಹೆಂಡತಿಯ ಮಡಿಲಲ್ಲೇ ಅದರ ಉಸಿರು ನಿಂತಿತು.

ಬೂದಪ್ಪ ಅಂದಿನಿಂದ ಹುಲ್ಲು ಮುಟ್ಟಲಿಲ್ಲ. ಸೋಫಾದ ಹಿಂದೆ, ಎರಡೂ ಮೊಲಗಳು ಮಲಗುತ್ತಿದ್ದ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತಿತು.

"ಮೊಲದ ಹೊಟ್ಟೆ ಒಂದು ದಿನ ಖಾಲಿಯಿದ್ರೂ ಕಷ್ಟ," ಎಂದರು ಡಾಕ್ಟರಮ್ಮ. "ಹುಲ್ಲಿನ ಪುಡೀನ ಗಂಜಿ ತರ ಮಾಡಿ ಸಿರಿಂಜಲ್ಲಿ ಕುಡಿಸ್ತಾ ಇರಿ. ಆದ್ರೆ ಅದು ಎಷ್ಟು ದಿನ? ಅದಕ್ಕೊಂದು ಜೊತೆ ಬೇಕು."

ಜೊತೆ ಎಲ್ಲಿ ಸಿಗುತ್ತದೆ ಎಂದು ಹುಡುಕಿದಾಗ ಎರಡು ದಾರಿ ಕಂಡವು. ಬಸ್ ನಿಲ್ದಾಣದ ಎದುರಿನ ಸಾಕುಪ್ರಾಣಿ ಅಂಗಡಿಯಲ್ಲಿ ಎರಡು ತಿಂಗಳ ಮರಿಯೊಂದಿತ್ತು. ಎರಡು ಅಂಗೈ ಜೋಡಿಸಿದರೆ ಅದರೊಳಗೆ ಕೂರುವಷ್ಟು ಪುಟ್ಟದು. ಊರಾಚೆಯ ಆಶ್ರಯ ಕೇಂದ್ರದಲ್ಲಿ ಒಂದು ಕಂದು ಹೆಣ್ಣು ಮೊಲವಿತ್ತು. ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕಸದ ತೊಟ್ಟಿಯ ಪಕ್ಕ ಬಿಟ್ಟುಹೋದದ್ದು. ವಯಸ್ಸು ಆರಿರಬಹುದು. ಎದುರು ಹಲ್ಲುಗಳು ಒಂದರ ಮೇಲೊಂದು ಕೂರದೆ ಸೊಟ್ಟಗೆ ಬೆಳೆಯುತ್ತಿದ್ದವು. ತಿಂಗಳಿಗೊಮ್ಮೆ ಕತ್ತರಿಸದಿದ್ದರೆ ತಿನ್ನಲಾಗುತ್ತಿರಲಿಲ್ಲ.

"ಒಂದು ವರ್ಷದಿಂದ ಇಲ್ಲೇ ಇದೆ. ಬಂದವರೆಲ್ಲ ಬಾಯಿ ನೋಡಿ ವಾಪಸ್ ಹೋಗ್ತಾರೆ," ಎಂದ ಅಲ್ಲಿನ ಕಾವಲುಗಾರ, ನೋಡಲು ಹೋದ ಹಲ್ಲಪ್ಪನಿಗೆ. "ನೀವು ಹಲ್ಲಿನ ಕಸುಬಿನವರಂತೆ, ಅಲ್ವಾ ಸಾರ್?"

ಹಲ್ಲಪ್ಪ ಹೆಬ್ಬೆರಳಿನಿಂದ ಅದರ ತುಟಿ ಸರಿಸಿ ನೋಡಿದ. ಕೆಳಗಿನ ಹಲ್ಲು ಹೊರಕ್ಕೆ ಬಾಗಿತ್ತು, ಮೇಲಿನದು ಒಳಕ್ಕೆ ಸುರುಳಿ ಸುತ್ತುತ್ತಿತ್ತು. ಗದ್ದವೆಲ್ಲ ಜೊಲ್ಲಿನಿಂದ ಒದ್ದೆ. ಮರುದಿನ ತನ್ನ ಮೇಜಿನ ಮುಂದೆ ಕೂತವನಿಗೆ ಕೆಲಸವೇ ಓಡಲಿಲ್ಲ. ತಂತಿಯ ತುಂಡೊಂದನ್ನು ಬಗ್ಗಿಸಿ, ನೇರ ಮಾಡಿ, ಮತ್ತೆ ಬಗ್ಗಿಸಿ ನೋಡಿದ. ಕೊನೆಗೆ ಡಾಕ್ಟರಮ್ಮನಿಗೆ ಫೋನ್ ಮಾಡಿ, ತಂತಿ ಕಟ್ಟಿ ಸರಿ ಮಾಡಬಹುದೇ ಎಂದು ಕೇಳಿದ.

"ಮನುಷ್ಯರ ಹಲ್ಲಾದ್ರೆ ಬೆಳೆಯೋದು ನಿಲ್ಲುತ್ತೆ," ಎಂದರು ಅವರು ಮೆಲ್ಲಗೆ. "ಮೊಲದ್ದು ಸಾಯೋವರೆಗೂ ಬೆಳೀತಾನೇ ಇರುತ್ತೆ. ಕತ್ತರಿಸ್ತಾ ಇರಬೇಕು, ಅಷ್ಟೇ."

ಹೆಂಡತಿಗೆ ಮರಿಯೇ ಬೇಕಿತ್ತು. "ಮುದಿ ಮೊಲ ತಂದು ಇನ್ನೆರಡು ವರ್ಷಕ್ಕೆ ಮತ್ತೆ ಅದೇ ಆಟೋ ಹತ್ತಬೇಕಾ? ನನ್ನ ಕೈಲಾಗಲ್ಲ ಕಣ್ರೀ."

"ಮರೀನ ಈಗಲೇ ಇವನ ಜೊತೆ ಬಿಡೋ ಹಾಗಿಲ್ವಂತೆ. ಅದು ದೊಡ್ಡದಾಗೋವರೆಗೆ ಮೂರ್ನಾಲ್ಕು ತಿಂಗಳು ಬೇರೆ ಇಡಬೇಕಂತೆ. ಅಲ್ಲೀವರೆಗೆ ಇವನು..."

"ಹಾಗಾದ್ರೆ ಆ ಕಂದು ಮೊಲನೇ ತನ್ನಿ."

"ತರೋಣ ಅಂತೀಯಾ?"

"ನಾನು ಅಂತೀನಾ? ನಿಮಗೇನನ್ಸುತ್ತೆ ಅದನ್ನ ಹೇಳಿ."

ಅವನಿಗೆ ಎರಡೂ ಸರಿಯೆನಿಸುತ್ತಿತ್ತು. ಎರಡೂ ಬಿಳಿಯಮ್ಮನಿಗೆ ಮಾಡುವ ಮೋಸವೆಂದೂ ಅನಿಸುತ್ತಿತ್ತು. ಹೀಗೆ ಆರು ದಿನ ಕಳೆಯಿತು. ಸಿರಿಂಜಿನ ಗಂಜಿ ಕುಡಿಸುತ್ತಿದ್ದರೂ ಬೂದಪ್ಪನ ಬೆನ್ನುಮೂಳೆ ಕೈಗೆ ಸಿಗತೊಡಗಿತು.

ಏಳನೆಯ ದಿನ, ಕಂದು ಮೊಲ ಬೇಕೋ ಬೇಡವೋ ಅದೇ ಹೇಳಲಿ ಎಂದು ಬೂದಪ್ಪನನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಆಶ್ರಯ ಕೇಂದ್ರಕ್ಕೆ ಹೋದರು. ಕಾವಲುಗಾರ ಒಂದು ಬರಿಯ ಕೋಣೆಯಲ್ಲಿ ಎರಡನ್ನೂ ಬಿಟ್ಟ. ಬೂದಪ್ಪ ಮೂಲೆಗೆ ಹೋಗಿ ಕೂತಿತು. ಕಂದು ಮೊಲ ಕುಪ್ಪಳಿಸುತ್ತಾ ಬಂದು, ಅದರ ಮುಂದೆ ತಲೆಯನ್ನು ನೆಲಕ್ಕೆ ಹಚ್ಚಿ, ನೆಕ್ಕು ಎನ್ನುವಂತೆ ಕಾಯಿತು. ಬೂದಪ್ಪ ನೆಕ್ಕಲಿಲ್ಲ. ಕಚ್ಚಲೂ ಇಲ್ಲ. ಅರ್ಧ ಗಂಟೆಯಾದರೂ ಕಂದು ಮೊಲ ತಲೆ ಎತ್ತಲಿಲ್ಲ.

ಹಲ್ಲಪ್ಪನ ಹೆಂಡತಿ ನೆಲಕ್ಕೆ ಕೂತು ಕರವಸ್ತ್ರದಿಂದ ಅದರ ಗದ್ದ ಒರೆಸಿದಳು. ಮತ್ತೆ ಒದ್ದೆಯಾಯಿತು. ಮತ್ತೆ ಒರೆಸಿದಳು.

"ನಡೀರಿ, ಕರ್ಕೊಂಡು ಹೋಗೋಣ," ಎಂದಳು, ಯಾರ ಮುಖವನ್ನೂ ನೋಡದೆ.

ಹಿಂತಿರುಗುವಾಗ ಬಸ್ ನಿಲ್ದಾಣದ ಬಳಿ ಆಟೋ ನಿಲ್ಲಿಸಿದಳು. ಮರಿಯನ್ನು ಒಂದು ಸಲ ನೋಡಿಬರುತ್ತೇನೆಂದು ಒಳಗೆ ಹೋದವಳು ಕೂಡಲೇ ಬಂದಳು. ಹಿಂದಿನ ದಿನವೇ ಯಾರೋ ಕೊಂಡೊಯ್ದಿದ್ದರಂತೆ. "ಒಳ್ಳೇದಾಯ್ತು ಬಿಡಿ," ಎಂದಳು. ಮನೆ ತಲುಪುವವರೆಗೂ ಅವಳ ಕಣ್ಣೀರು ನಿಲ್ಲಲಿಲ್ಲ.

ಡಾಕ್ಟರಮ್ಮ ಹೇಳಿದಂತೆ, ಒಂದಕ್ಕೊಂದು ಹೊಂದಿಕೊಳ್ಳಲೆಂದು, ಹಜಾರದ ನಡುವೆ ಜಾಲರಿ ನಿಲ್ಲಿಸಿ, ಆ ಕಡೆ ಒಂದು, ಈ ಕಡೆ ಒಂದು ಇಟ್ಟರು. ಕಂದು ಮೊಲ ಹುಲ್ಲನ್ನು ಬಾಯಿಯ ಪಕ್ಕದಿಂದ ಎಳೆದುಕೊಂಡು, ಅರ್ಧ ತಿಂದು, ಅರ್ಧ ಉದುರಿಸುತ್ತಿತ್ತು. ಉದುರಿದ್ದು ಜಾಲರಿಯ ಕಣ್ಣಿನಿಂದ ಈಚೆಗೆ ಬರುತ್ತಿತ್ತು. ನಾಲ್ಕನೆಯ ದಿನ ಬೂದಪ್ಪ ಅದರಲ್ಲೊಂದು ಎಳೆಯನ್ನು ಮೂಸಿತು, ಆಮೇಲೆ ತಿಂದಿತು. ಹಲ್ಲಪ್ಪ ಸನ್ನೆ ಮಾಡಿ ಹೆಂಡತಿಯನ್ನು ಕರೆದ. ಇಬ್ಬರೂ ಬಾಗಿಲ ಚೌಕಟ್ಟಿಗೆ ಒರಗಿ ನೋಡಿದರು. ಐದು ಎಳೆ, ಆರು ಎಳೆ. ಅಂದು ಅವಳು ಕೆಲಸಕ್ಕೆ ತಡವಾಗಿ ಹೋದಳು.

ಆದರೆ ಹೊಟ್ಟೆ ಅಷ್ಟು ದಿನದ ಉಪವಾಸವನ್ನು ಮರೆತಿರಲಿಲ್ಲ. ಭಾನುವಾರ ಮಧ್ಯಾಹ್ನ ಬೂದಪ್ಪನ ಹೊಟ್ಟೆ ಉಬ್ಬಿ ಕಲ್ಲಾಯಿತು. ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟರು, ಹೊಟ್ಟೆ ಉಜ್ಜಿದರು, ಹಲ್ಲಪ್ಪನೂ ಉಜ್ಜಿದ. ಮೇಣವನ್ನು ಬೆರಳ ಬಿಸಿಯಲ್ಲೇ ಮೆತ್ತಗಾಗಿಸುವ ಅವನ ಕೈಯೊಳಗೆ ಆ ಪುಟ್ಟ ಮೈ ತಣ್ಣಗಾಗುತ್ತಾ ಹೋಯಿತು.

"ಇನ್ನೊಂದು ವಾರ ಮೊದಲೇ ಜೊತೆ ತಂದಿದ್ರೆ ಉಳೀತಿದ್ನಾ?" ಎಂದು ಕೇಳಿದ.

"ಹಾಗೆಲ್ಲ ಹೇಳಕ್ಕಾಗಲ್ಲ," ಎಂದರು ಅವರು. ಇಲ್ಲ ಎಂದು ಮಾತ್ರ ಹೇಳಲಿಲ್ಲ.

ಯಾರಿಗಾಗಿ ತಂದರೋ ಅವನೇ ಹೋದ, ತಂದದ್ದು ಉಳಿಯಿತು. ವಾಪಸ್ ಕೊಡುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಕಂದು ಮೊಲ ಮೂರು ದಿನ ಜಾಲರಿಗೆ ಮೂಗು ಹಚ್ಚಿ ಕೂತಿತ್ತು. ಅದನ್ನು ನೋಡಲಾರದೆ ಹಲ್ಲಪ್ಪ ಜಾಲರಿ ತೆಗೆದಿಟ್ಟ. ಅದು ಸೋಫಾದ ಹಿಂದೆ ಹೋಗಿ ಎಲ್ಲವನ್ನೂ ಮೂಸಿ, ಸುಮ್ಮನೆ ಹಿಂದಕ್ಕೆ ಬಂತು. ಅದಕ್ಕೆ ಹೆಸರಿಡಲು ಇಬ್ಬರಿಗೂ ಧೈರ್ಯವಾಗಲಿಲ್ಲ.

ತಿಂಗಳಿಗೊಮ್ಮೆ ಅದನ್ನು ಟವೆಲ್ಲಿನಲ್ಲಿ ಸುತ್ತಿ ಹಲ್ಲು ಕತ್ತರಿಸಲು ಒಯ್ಯುತ್ತಾರೆ. ಹಿಡಿದುಕೊಳ್ಳುವವನು ಹಲ್ಲಪ್ಪ. ದಿನವಿಡೀ ಹಲ್ಲು ಉಜ್ಜಿ, ಕೊರೆದು, ಕೂರಿಸುವ ಮನುಷ್ಯ ಆಗ ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಾನೆ. ಹೆಂಡತಿ ಹೊರಗಿನ ಬೆಂಚಿನಲ್ಲಿ ಕರವಸ್ತ್ರ ಹಿಡಿದು ಕೂತಿರುತ್ತಾಳೆ.

ಮೊನ್ನೆ ಆಶ್ರಯ ಕೇಂದ್ರದ ಕಾವಲುಗಾರ ಫೋನ್ ಮಾಡಿದ್ದ. "ಸಾರ್, ಒಂದು ಗಂಡು ಬಂದಿದೆ, ಸಾಧು. ನಿಮ್ಮದು ಒಂಟಿಯಾಗಿದೆ ಅಂತ ಡಾಕ್ಟರಮ್ಮ ಹೇಳಿದ್ರು, ಕೇಳೋಣ ಅಂತ."

ಹಲ್ಲಪ್ಪ ಫೋನನ್ನು ಹೆಂಡತಿಗೆ ಕೊಟ್ಟ. ಅವಳು ಕಿವಿಗಿಟ್ಟುಕೊಂಡು ಕೇಳಿ, ಅವನ ಕೈಗೇ ವಾಪಸ್ ಕೊಟ್ಟಳು.

"ಮನೇಲಿ ಮಾತಾಡಿ ಹೇಳ್ತೀನಪ್ಪ," ಎಂದ ಅವನು.