ಸ್ಕೋಪು, ಕಣ್ಣು, ನನ್ನ ಬಾಯಿ

ಪುತ್ತೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಕನ್ನಡಕದ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತೇನೆ, ಅದನ್ನು ಬೋರ್ಡಿನಲ್ಲಿ ಬರೆಸಿಲ್ಲ. ಏರ್ ರೈಫಲ್ ಮೇಲೆ ಕೂರಿಸುವ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೆಟ್ಟರೆ ಸರಿ ಮಾಡಿಕೊಡುತ್ತೇನೆ. ಕಾಲೇಜಿನ ಎನ್‌ಸಿಸಿಯಲ್ಲಿ ಹತ್ತಿದ ಗುರಿಯ ಹುಚ್ಚು ಮದುವೆ, ಮಕ್ಕಳು, ಅಂಗಡಿ ಎಲ್ಲವನ್ನೂ ದಾಟಿ ನಲವತ್ತರ ನಂತರ ಮತ್ತೆ ತಲೆಗೇರಿತು. ಈ ಹುಚ್ಚಿಗೆ ಮದ್ದಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ರೈಫಲ್ ತೆಗೆಸಿಕೊಟ್ಟವರೂ ಅವರೇ.

ಸ್ಕೋಪ್ ತರುವವರ ದೂರು ಎರಡೇ. ಒಂದು, ಒಳಗೆ ಮಂಜು ಮಂಜಾಗಿ ಕಾಣುತ್ತದೆ. ಇನ್ನೊಂದು, ಗುರಿ ಇಟ್ಟಲ್ಲಿಗೆ ಗುಂಡು ಹೋಗುವುದಿಲ್ಲ. ಮಂಜಿನ ದೂರು ತಂದವರಲ್ಲಿ ಹೆಚ್ಚಿನವರ ಸ್ಕೋಪಿಗೆ ಏನೂ ಆಗಿರುವುದಿಲ್ಲ. ಕಣ್ಣಿಡುವ ತುದಿಯಲ್ಲಿ ತಿರುಗುವ ಒಂದು ಬಳೆ ಇರುತ್ತದೆ. ಒಳಗಿನ ಅಡ್ಡಗೆರೆ, ನೆಟ್ಟಗೆರೆ ನಮ್ಮ ನಮ್ಮ ಕಣ್ಣಿಗೆ ಚೂಪಾಗಿ ಕಾಣಲಿಕ್ಕೆ ಅದು. ಅದನ್ನು ತಿರುಗಿಸುವಾಗ ಬರಿಯ ಆಕಾಶದ ಕಡೆ ಹಿಡಿಯಬೇಕು, ಒಂದು ಕ್ಷಣ ನೋಡಿ ಕಣ್ಣು ತೆಗೆಯಬೇಕು. ದಿಟ್ಟಿಸುತ್ತಾ ಕೂತರೆ ಕಣ್ಣು ಹೊಂದಿಕೊಂಡುಬಿಡುತ್ತದೆ, ಮಂಜನ್ನೇ ಸ್ಪಷ್ಟ ಎಂದು ಒಪ್ಪಿಕೊಳ್ಳುತ್ತದೆ. ನಮ್ಮವರು ಗೋಡೆಯ ಕ್ಯಾಲೆಂಡರ್ ದಿಟ್ಟಿಸಿಕೊಂಡು ಬಳೆ ತಿರುಗಿಸಿ, ಹಾಳುಮಾಡಿಕೊಂಡು ನನ್ನಲ್ಲಿಗೆ ಬರುತ್ತಾರೆ. ನಾನು ಬೈಯುತ್ತೇನೆ. ಬೈದು, ಸರಿ ಮಾಡಿ ಕಳಿಸುತ್ತೇನೆ.

ನನ್ನ ಬಾಯಿ ಸ್ವಲ್ಪ ಜೋರು. ಅದರಿಂದ ಒಬ್ಬರಿಗೆ ಏನಾಯಿತು ಎಂದು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ಕಡಬದ ಹತ್ತಿರ ರಬ್ಬರ್ ತೋಟ ಇರುವ ಒಬ್ಬ ಹಿರಿಯರಿದ್ದಾರೆ. ಅವರ ತಂದೆ ಕೇರಳದಿಂದ ಬಂದು ಇಲ್ಲಿ ನೆಲೆ ನಿಂತವರು. ಊರಿನವರ ಹಾಗೆ ನಾನೂ ಅವರನ್ನು ಚೇಟಾ, ಅಂದರೆ ಮಲಯಾಳದಲ್ಲಿ ಅಣ್ಣ, ಎಂದೇ ಕರೆಯುವುದು. ಅವರು ನನ್ನನ್ನು ಡಾಕ್ಟ್ರೇ ಎನ್ನುತ್ತಾರೆ. ನಾನು ಡಾಕ್ಟರಲ್ಲ, ಕಣ್ಣಿನ ನಂಬರು ನೋಡಿ ಕನ್ನಡಕ ಕೊಡುವವಳು ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.

"ಕಣ್ಣು ನೋಡುವವರು ಡಾಕ್ಟ್ರಲ್ಲದೆ ಮತ್ತೆಂತ, ಪೋಸ್ಟ್‌ಮ್ಯಾನಾ?" ಎನ್ನುತ್ತಾರೆ.

ಅವರ ಜಾಗದ ಕೊನೆಯಲ್ಲಿ ಕಲ್ಲು ಕೊಯ್ದು ಬಿಟ್ಟ ಹಳೆಯ ಕೆಂಪುಕಲ್ಲಿನ ಕೋರೆ ಇದೆ. ಮೂರು ಕಡೆಯೂ ಎರಡಾಳೆತ್ತರದ ಗೋಡೆ, ಗುಂಡು ಹೊರಗೆ ಹೋಗುವ ಮಾತೇ ಇಲ್ಲ. ಮಳೆ ಇಲ್ಲದ ತಿಂಗಳುಗಳಲ್ಲಿ ಪ್ರತಿ ಭಾನುವಾರ ನಾವು ನಾಲ್ಕೈದು ಜನ ಅಲ್ಲಿ ಸೇರುತ್ತೇವೆ. ಚೇಟ ಇಗರ್ಜಿಯಿಂದ ನೇರ ಜೀಪಿನಲ್ಲಿ ಬರುತ್ತಿದ್ದರು, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲೇ. ಇಗರ್ಜಿಯಲ್ಲಿ ಬೈಬಲಿನ ಪಾಠ ಓದುವುದು ಅವರ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲಾಯಿತಂತೆ. ಪಾಠ ಓದಿದ ಗಾಂಭೀರ್ಯ ಮುಖದಲ್ಲಿ ಇನ್ನೂ ಇರುವಾಗಲೇ ಕಲ್ಲಿನ ಮೇಲೆ ಗೋಣಿ ಹಾಸಿ ಮಲಗಿ, ಇಪ್ಪತ್ತೈದು ಮೀಟರ್ ದೂರದ ಕಾಗದದಲ್ಲಿ ಐದು ಗುಂಡನ್ನು ಒಂದು ಅಡಿಕೆಯಷ್ಟು ಜಾಗದಲ್ಲಿ ಇಟ್ಟು ಏಳುತ್ತಿದ್ದರು. ನಮ್ಮಲ್ಲಿ ಅವರಷ್ಟು ಚೆನ್ನಾಗಿ ಹೊಡೆಯುವವರು ಇರಲಿಲ್ಲ. ನನಗೆ ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಬೇಕು.

ಒಂದು ಮಳೆಗಾಲದಲ್ಲಿ ಅವರು ರೈಫಲನ್ನು ಗೋಣಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಸ್ಕೋಪಿನಲ್ಲಿ ಏನೂ ಕಾಣುವುದಿಲ್ಲ ಎಂದರು. ನಾನು ಬಟ್ಟೆಯಿಂದ ಗಾಜನ್ನು ಮೆಲ್ಲಗೆ ಒರೆಸಿದೆ. ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಮೂಸಿ ನೋಡಿದರೆ ಹೊಗೆಯ ವಾಸನೆ.

"ಚೇಟಾ, ಇದನ್ನು ಎಲ್ಲಿ ಇಟ್ಟಿದ್ರಿ?"

"ಹೊಗೆಮನೆಯಲ್ಲಿ. ರಬ್ಬರ್ ಶೀಟ್ ಒಣಗಿಸುವಲ್ಲಿ. ಅಲ್ಲಿ ಎಂತದಕ್ಕೂ ಬೂಷ್ಟು ಬರುದಿಲ್ಲ ಡಾಕ್ಟ್ರೇ."

ಅವರು ಹೇಳಿದ್ದು ತಪ್ಪೂ ಅಲ್ಲ. ಜುಲೈಯಲ್ಲಿ ಚಪ್ಪಲಿಗೂ ಬೂಷ್ಟು ಬರುವ ಊರಿದು. ಆದರೆ ಸ್ಕೋಪನ್ನು ರಬ್ಬರ್ ಶೀಟಿನ ಪಕ್ಕ ನೇತುಹಾಕಿ ಹೊಗೆ ಕೊಡುವ ಬುದ್ಧಿ ಕಡಬ ನೆಲ್ಯಾಡಿಯವರಿಗೆ ಬಿಟ್ಟು ಬೇರೆ ಯಾರಿಗೂ ಬರಲಿಕ್ಕಿಲ್ಲ. ನಾನು ಬಾಯಿತುಂಬ ಬೈದೆ. ಅಂಗಡಿಯಲ್ಲಿ ಜನ ಕಾಯುತ್ತಿದ್ದರು. ಹೊರಡುವಾಗ ಅವರು, ಹೊಡೆದ ಪೆಟ್ಟಿಗೆ ಸ್ಕೋಪು ಅದನ್ನು ರೈಫಲಿಗೆ ಬಿಗಿಯುವ ಹಿಡಿಯೊಳಗೆ ಹಿಂದಕ್ಕೆ ಜಾರುತ್ತದೆ, ಎಂತ ಮಾಡುದು ಎಂದು ಕೇಳಿದರು. ಅದಕ್ಕೂ ಏನೋ ಒಂದು ಹೇಳಿ ಕಳಿಸಿದೆ.

ಅದರ ಮುಂದಿನ ಮಾರ್ಚಿನಲ್ಲಿ ಸುಳ್ಯದ ಕಡೆ ಒಂದು ಸ್ಪರ್ಧೆ ಇತ್ತು. ಬಿಸಿಲು ಎಂದರೆ ಬಿಸಿಲು. ಚೇಟನ ಗುಂಡುಗಳು ಕಾಗದದಲ್ಲಿ ಮೇಲಿಂದ ಕೆಳಗೆ ಚೆದುರಿದವು. ಕೊನೆಯ ಎರಡು ಕಾಗದಕ್ಕೇ ತಾಗಲಿಲ್ಲ. ಯಾರೋ ನಕ್ಕರು. ಅವರು ಎದ್ದು ಗೋಣಿ ಕೊಡವಿ, "ಸ್ಕೋಪಿಗೆ ಎಂತೋ ಆಗಿದೆ" ಎಂದಷ್ಟೇ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಎಂದು ನಾನು ಪಕ್ಕದವರ ಕಿವಿಯಲ್ಲಿ ಹೇಳಿದೆ. ಪಕ್ಕದವರೂ ನಕ್ಕರು.

ಎರಡು ದಿನ ಬಿಟ್ಟು ಚೇಟ ರೈಫಲ್ ಹಿಡಿದುಕೊಂಡು ಪುತ್ತೂರಿಗೆ ಬಂದರು. ನಾನು ಸ್ಕೋಪಿನಲ್ಲಿ ಕಣ್ಣಿಟ್ಟು ರಸ್ತೆಯಾಚೆಯ ಬೇಕರಿಯ ಬೋರ್ಡು ನೋಡಿದೆ. ಅಕ್ಷರಗಳು ಚೊಕ್ಕವಾಗಿದ್ದವು. ತಲೆಯನ್ನು ಆಚೆ ಈಚೆ ಆಡಿಸಿದೆ, ಗೆರೆ ಬೋರ್ಡಿನ ಮೇಲೆ ತೇಲಾಡಲಿಲ್ಲ. ಅಂದರೆ ದೂರದ ಫೋಕಸ್ಸೂ ಸರಿ. ಇನ್ನು ಉಳಿದದ್ದು ಕಣ್ಣು. ಅವರನ್ನು ಕೂರಿಸಿ ಪರೀಕ್ಷಿಸಿದೆ. ಗುರಿಯ ಬಲಗಣ್ಣಿನಲ್ಲಿ ಪೊರೆ ಶುರುವಾಗಿತ್ತು, ಸಣ್ಣದು. ನನಗೆ ಬೇಕಾದ ಉತ್ತರ ಸಿಕ್ಕಿಬಿಟ್ಟಿತು.

"ಸ್ಕೋಪಿಗೆ ಎಂತದೂ ಆಗ್ಲಿಲ್ಲ ಚೇಟಾ. ಆದದ್ದು ನಿಮ್ಮ ಕಣ್ಣಿಗೆ. ಪ್ರಾಯ ಆಯ್ತಲ್ಲ, ಕಣ್ಣು ಇನ್ನು ಕೈಕೊಡುದೇ. ಗುರಿ ಗಿರಿ ಎಲ್ಲ ಸಾಕು."

"ನೀವೊಂದು ಸಲ ಇದರಲ್ಲಿ ಹೊಡ್ದು ನೋಡುದಾ ಡಾಕ್ಟ್ರೇ?"

"ಅದೆಂತ ಬೇಕಾಗುದಿಲ್ಲ. ನನಗೆ ಗೊತ್ತಾಗುದಿಲ್ವಾ?"

ಅವರು ರೈಫಲನ್ನು ಕೌಂಟರಿನ ಗಾಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಆಮೇಲೆ, ಹಾಗಾದರೆ ರೈಫಲ್ ನಿಮ್ಮಲ್ಲೇ ಇರಲಿ, ಯಾರಾದರೂ ಕಲಿಯುವವರು ಬಂದರೆ ಕೊಡಿ ಎಂದು ಹೇಳಿ ಹೋದರು. ನಾನು ಅದನ್ನು ಒಳಗಿನ ಕಪಾಟಿನಲ್ಲಿಟ್ಟೆ. ಸ್ಕೋಪಿನ ದೂರು ತರುವ ಎಲ್ಲರಿಗೂ ನಾನು ಒಂದು ಪಾಠ ಹೇಳುತ್ತೇನೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ, ಸ್ಕೋಪೋ ಮನುಷ್ಯನೋ ಎಂದು ಸಂಶಯ ಬಂದರೆ ಮೊದಲು ಮನುಷ್ಯನನ್ನು ಬದಲಿಸಿ ಹೊಡೆಸಿ. ಆ ದಿನ ಅವರಾಗಿಯೇ ಅದನ್ನು ಕೇಳಿದ್ದರು, ನಾನು ಬೇಡವೆಂದಿದ್ದೆ.

ಅದರ ನಂತರದ ಭಾನುವಾರಗಳಲ್ಲಿ ಅವರು ಕೋರೆಗೆ ಬರಲಿಲ್ಲ. ಕೋರೆ ಅವರದೇ, ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಹೋಗಿ ಮಾತಾಡಿಸಬಹುದಿತ್ತು. ನಾನು ಹೋಗಲಿಲ್ಲ. ಮತ್ತೆ ಮಳೆ ಹಿಡಿಯಿತು.

ನವೆಂಬರಿನಲ್ಲಿ ಕಾಲೇಜು ಕಲಿಯುವ ಒಬ್ಬ ಹುಡುಗಿ ಗುರಿ ಕಲಿಯಬೇಕೆಂದು ಬಂದಳು. ಚೇಟನ ಮಾತು ನೆನಪಿಗೆ ಬಂದು ರೈಫಲ್ ಹೊರಗೆ ತೆಗೆದೆ. ಅವಳಿಗೆ ಕೊಡುವ ಮೊದಲು ಗುರಿ ಕೂರಿಸಿಡೋಣ ಎಂದು ಭಾನುವಾರ ಬೆಳಿಗ್ಗೆ ಬೇಗ ಕೋರೆಗೆ ಹೋದೆ, ಒಬ್ಬಳೇ. ಗೋಡೆಯ ನೆರಳಿನಲ್ಲಿ ಮಲಗಿ ಹೊಡೆದ ಮೊದಲ ಐದೂ ಒಂದೇ ಕಡೆ ಕೂತವು. ನನಗೆ ಸಂತೋಷವೇ ಆಯಿತು, ನಾನು ಹೇಳಿದ್ದೇ ಸರಿ ಎಂದು. ಚಹಾ ಕುಡಿದು ಬರುವಷ್ಟರಲ್ಲಿ ಬಿಸಿಲು ನೇರ ರೈಫಲಿನ ಮೇಲೆ ಬಿದ್ದಿತ್ತು. ಮತ್ತೆ ಐದು ಹೊಡೆದೆ. ಒಂದೊಂದೂ ಹಿಂದಿನದಕ್ಕಿಂತ ಕೆಳಗೆ ಇಳಿಯುತ್ತಾ ಹೋಯಿತು, ಕೊನೆಯದು ಕಾಗದಕ್ಕೆ ತಾಗಲಿಲ್ಲ.

ನನ್ನ ಕಣ್ಣಿಗೆ ಪೊರೆ ಬಂದಿರಲಿಲ್ಲ.

ಕಲ್ಲಿನ ಮೇಲೆ ಕೂತು ಸ್ಕ್ರೂಗಳನ್ನು ಬಿಚ್ಚಿದೆ. ಸ್ಕೋಪನ್ನು ರೈಫಲಿಗೆ ಹಿಡಿದಿಡುವ ಎರಡು ಹಿಡಿಗಳಲ್ಲಿ ಮುಂದಿನದು ಸರಿಯಿತ್ತು. ಹಿಂದಿನದನ್ನು ತೆಗೆದರೆ ಸ್ಕೋಪಿನ ಅಡಿಯಲ್ಲಿ ಕಂದು ಬಣ್ಣದ ಒಂದು ಪಟ್ಟಿ. ಬೆರಳಿಗೆ ಅಂಟಿಕೊಂಡಿತು, ಎಳೆದರೆ ಉದ್ದವಾಯಿತು. ಹೊಗೆಯ ವಾಸನೆ. ಹೊಗೆಮನೆಯಲ್ಲಿ ಒಣಗಿಸಿದ ರಬ್ಬರ್ ಶೀಟಿನ ಚೂರು. ನೆರಳಿನಲ್ಲಿ ಗಟ್ಟಿ, ಬಿಸಿಲು ಬಿದ್ದರೆ ಮೆತ್ತಗೆ. ಮೆತ್ತಗಾದ ಹಾಗೆ ಸ್ಕೋಪಿನ ಹಿಂಭಾಗ ಕೂದಲೆಳೆಯಷ್ಟು ಕುಸಿಯುತ್ತದೆ, ಗುಂಡು ಅಷ್ಟಕ್ಕೆ ಕೆಳಗಿಳಿಯುತ್ತದೆ. ಕೋರೆಯಲ್ಲಿ ನಾವು ಯಾವಾಗಲೂ ನೆರಳು ನೋಡಿಯೇ ಮಲಗುವುದು, ಸ್ಪರ್ಧೆ ಇದ್ದದ್ದು ಮಾರ್ಚಿನ ಬಿಸಿಲಿನಲ್ಲಿ.

ಇಂಥ ಕೆಲಸ ಮಾಡುತ್ತಾರಲ್ಲ ಈ ಮನುಷ್ಯ ಎಂದು ಬೈಯಲು ಬಾಯಿ ತೆರೆದವಳಿಗೆ ನೆನಪಾಯಿತು. ಹೊಗೆ ಹಿಡಿದ ಸ್ಕೋಪ್ ಒರೆಸಿಕೊಟ್ಟ ದಿನ, ಜಾರುತ್ತದೆ ಎಂತ ಮಾಡುದು ಎಂದು ಅವರು ಕೇಳಿದಾಗ ನಾನು ಹೇಳಿದ್ದೆ: "ಮನೆ ತುಂಬ ರಬ್ಬರ್ ಉಂಟಲ್ಲ ಮಾರಾಯ್ರೆ, ಒಂದು ಚೂರು ಕೊಯ್ದು ಅಡಿಗೆ ಇಡಿ!" ಜನ ಕಾಯುತ್ತಿದ್ದರು, ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. ಅವರು ಅದನ್ನು ಡಾಕ್ಟರ ಚೀಟಿ ಎಂದುಕೊಂಡಿದ್ದರು. ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವಳು ನಾನು.

ಪಟ್ಟಿಯನ್ನು ಕಾಗದದಲ್ಲಿ ಮಡಚಿಕೊಂಡು ಅವರ ಮನೆಗೆ ನಡೆದೆ. ಅಂಗಳದ ಮೂಲೆಯಲ್ಲಿ ಜೀಪು ಟಾರ್ಪಾಲಿನ ಅಡಿಯಲ್ಲಿ ನಿಂತಿತ್ತು. ಟಾರ್ಪಾಲಿನ ಮೇಲೆ ರಬ್ಬರ್ ಎಲೆ ಬಿದ್ದು ಕೊಳೆತಿತ್ತು. ಅವರ ಹೆಂಡತಿ ಹೊರಗೆ ಬಂದರು.

"ಜೀಪು ಹಾಳಾಗಿದೆಯಾ ಚೇಚಿ?" ಎಂದು ಕೇಳಿದೆ.

"ಜೀಪಿಗೆ ಎಂತಾಗಿದೆ! ಕಣ್ಣು ಕೈಕೊಡ್ತದೆ ಅಂತ ನೀವು ಹೇಳಿದ ಮೇಲೆ ಇವ್ರು ಮುಟ್ಟಲೇ ಇಲ್ಲ, ಈಗ ಎಲ್ಲಿಗಾದ್ರೂ ಮಗನ ಸ್ಕೂಟರಲ್ಲೇ ಹೋಗುದು. ಇಗರ್ಜಿಯಲ್ಲಿ ಓದುದೂ ಬಿಟ್ರು. ಎಲ್ಲಿಯಾದರೂ ತಪ್ಪಿದ್ರೆ ದೇವರ ವಾಕ್ಯ ಅಲ್ವಾ ಅಂತ."

ನಾನು ಬಿಡಿಸಿದ್ದು ಗುರಿಯೊಂದನ್ನೇ ಎಂದುಕೊಂಡಿದ್ದೆ. ಎಂಟು ತಿಂಗಳಿಂದ ಈ ಮನುಷ್ಯ ಮಗನ ಸ್ಕೂಟರಿನ ಹಿಂದೆ ಕೂತು ಇಗರ್ಜಿಗೆ ಹೋಗಿ, ಬಾಯಿ ಮುಚ್ಚಿಕೊಂಡು ಕೂತು ಬರುತ್ತಿದ್ದರು, ನಾನೊಂದು ಮಾತು ಹೇಳಿದೆ ಎಂದು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಚೇಟ ತೋಟದಿಂದ ಬಂದರು. ನಾನು ಕಾಗದ ಬಿಡಿಸಿ ಜಗಲಿಯ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಪಕ್ಕದವರ ಕಿವಿಯಲ್ಲಿ ಹೇಳಿದ ಗಾದೆಯನ್ನೂ ಬಿಡಲಿಲ್ಲ. ಅವರು ಪಟ್ಟಿಯನ್ನು ಎರಡು ಬೆರಳಿನಲ್ಲಿ ಎಳೆದು ನೋಡಿದರು, ಮೂಸಿದರು.

"ನಮ್ಮದೇ ಶೀಟ್. ಒಳ್ಳೆಯ ಶೀಟ್," ಎಂದರು. ಪಟ್ಟಿಯನ್ನು ಮತ್ತೆ ಕಾಗದದಲ್ಲಿಟ್ಟು, "ರಬ್ಬರ್ ನನ್ನದು, ಬುದ್ಧಿ ನಿಮ್ಮದು. ತಪ್ಪು ಅರ್ಧ ಅರ್ಧ ಮಾಡುವ ಡಾಕ್ಟ್ರೇ."

"ಅರ್ಧ ಅಲ್ಲ ಚೇಟಾ. ಪೂರ್ತಿ ನನ್ನದೇ. ಮತ್ತೆ ನಾನು ಡಾಕ್ಟ್ರಲ್ಲ, ಇನ್ನಾದರೂ ನಂಬಿ."

ಅವರು ನಗಲಿಲ್ಲ. "ಹಾಗಾದ್ರೆ ನನ್ನ ಕಣ್ಣು?" ಎಂದು ಕೇಳಿದರು.

ಈ ಸಲ ನಾನು ಉತ್ತರ ಹೇಳಲಿಲ್ಲ. ಮರುದಿನವೇ ಪುತ್ತೂರಿನ ನಿಜವಾದ ಕಣ್ಣಿನ ಡಾಕ್ಟರಲ್ಲಿಗೆ ಬರಲು ಹೇಳಿದೆ. ಬರುವಾಗ ಮಗ ಜೀಪು ಬಿಟ್ಟುಕೊಂಡು ಬಂದ. ನಾನು ಅಂಗಡಿಗೆ ಬಾಗಿಲು ಹಾಕಿ ಜೊತೆಗೆ ಹೋದೆ. ಡಾಕ್ಟರು ನಿಧಾನವಾಗಿ ನೋಡಿ, ಪೊರೆ ಬಹಳ ಸಣ್ಣದು, ಓದಲಿಕ್ಕೂ ಗಾಡಿ ಬಿಡಲಿಕ್ಕೂ ಏನೂ ತೊಂದರೆ ಇಲ್ಲ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದರು. ಮಗನಿಗೆ ಪೇಟೆಯಲ್ಲಿ ಕೆಲಸ ಇತ್ತು, ಅವನು ಬಸ್ಸಿನಲ್ಲಿ ಬರುವೆನೆಂದ. ಕಣ್ಣಿಗೆ ಹಾಕಿದ ಮದ್ದು ಇಳಿಯುವವರೆಗೆ ಸಂಜೆ ತನಕ ಚೇಟ ನನ್ನ ಅಂಗಡಿಯಲ್ಲೇ ಕೂತರು. ಆಮೇಲೆ ಎದ್ದು ಜೀಪಿನ ಕೀಲಿಕೈ ಎತ್ತಿಕೊಂಡು, "ಬನ್ನಿ, ದಾರಿಯಲ್ಲಿ ಉಪ್ಪಿನಂಗಡಿ ತನಕ ಬಂದು ಬಸ್ಸಲ್ಲಿ ವಾಪಸ್ ಹೋಗಿ," ಎಂದರು. ನಾನು ಹತ್ತಿ ಕೂತೆ.

ಪೇಟೆ ದಾಟಿದ್ದೇ ತಡ, ರಸ್ತೆ ಬದಿಯ ಬೋರ್ಡುಗಳನ್ನು ದೊಡ್ಡ ಸ್ವರದಲ್ಲಿ ಓದತೊಡಗಿದರು. ಇಗರ್ಜಿಯಲ್ಲಿ ಪಾಠ ಓದುವ ಸ್ವರವೇ ಇರಬೇಕು. "ಹಾಲು ಉತ್ಪಾದಕರ ಸಹಕಾರಿ ಸಂಘ. ಇಲ್ಲಿ ಪಂಕ್ಚರ್ ಹಾಕಲಾಗುವುದು. ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ." ಒಂದನ್ನೂ ಬಿಡಲಿಲ್ಲ.

"ಸಾಕು ಚೇಟಾ, ನಂಬಿದೆ," ಎಂದೆ.

"ನೀವು ನಂಬ್ಲಿಕ್ಕೆ ಅಲ್ಲ ಡಾಕ್ಟ್ರೇ," ಎಂದರು, ಕಣ್ಣು ರಸ್ತೆಯ ಮೇಲೆಯೇ ಇತ್ತು. "ನಾನು ನಂಬ್ಲಿಕ್ಕೆ."

ಅವರು ಮುಂದಿನ ಬೋರ್ಡು ಓದಿದರು.