ಹಗ್ಗ ಹಿಡಿದವರ ಪಾಲು

ದೇರೆಬೈಲಿನ ನಮ್ಮ ಹಿತ್ತಲಿನ ಮಾವಿನ ಮರದಲ್ಲಿ ರಾಟೆ ಕಿರ್ರ್, ಕಿರ್ರ್ ಎಂದರೆ ಸೋದರಮಾವ ಕಾಡುಹಂದಿ ಹೊಡೆದು ತಂದಿದ್ದಾರೆ ಎಂದೇ ಅರ್ಥ. ಎಪ್ಪತ್ತರ ದಶಕದ ಆರಂಭದ ಮಾತು. ರಾಟೆಯನ್ನು ಅವರು ಬಂದರಿನ ಗುಜರಿ ಅಂಗಡಿಯಿಂದ ತಂದಿದ್ದರು. ಹಂದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಹಗ್ಗ ಎಳೆದು ತೂಗಹಾಕಿದ ಮೇಲೆಯೇ ಕತ್ತಿ ಎತ್ತುತ್ತಿದ್ದುದು. ಹಗ್ಗ ಎಳೆದವರಿಗೆ ಮಾತ್ರ ಮಾಂಸದಲ್ಲಿ ಪಾಲು; ಎಳೆಯುವವರು ಗಂಡಸರು ಮಾತ್ರ.

ಒಂದು ಸಂಜೆ ಹುಡುಗಿಯಾದ ನಾನೂ ಕಾನ್ವೆಂಟಿನ ಯೂನಿಫಾರ್ಮಿನಲ್ಲೇ ಹೋಗಿ ಹಗ್ಗ ಹಿಡಿದೆ.

"ನಿನಗೆಂತ ಕೆಲಸ ಇಲ್ಲಿ? ಹೋಗಿ ನಿನ್ನ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡು," ಎಂದರು ಮಾವ.

"ನನಗೂ ಶೇರ್ ಬೇಕು ಮಾವ. ದಟ್ಸ್ ಫೈನಲ್."

"ಕೈ ಬಿಟ್ಟರೆ ಹಂದಿಯ ಅಡಿಯಲ್ಲಿ ಚಟ್ನಿ ಆಗ್ತಿ, ಮಾರಾಯ್ತಿ!"

ಅಂಗೈ ಸುಲಿಯಿತು, ಆದರೂ ಬಿಡಲಿಲ್ಲ. ಆಮೇಲೆ ಪಾಲು ಹಾಕುವಾಗ ಮಾವ ನನ್ನತ್ತ ನೋಡದೆಯೇ ನನ್ನ ಹೆಸರಿಗೂ ಒಂದು ಬಾಳೆಲೆ ಹಾಸಿದರು.

ಕಾನೂನು ಬಂದು ಬೇಟೆ ನಿಂತಿತು. ಮಾವನನ್ನು ಕೊನೆಯ ಬಾರಿ ಕಂಡದ್ದು ಎಂಬತ್ತರ ದಶಕದಲ್ಲಿ, ಅದೇ ಮರದಡಿ. ಮಡಿಲಲ್ಲಿ ರಾಟೆ ಇಟ್ಟುಕೊಂಡು ತೆಂಗಿನೆಣ್ಣೆ ಸವರುತ್ತಿದ್ದರು.

"ಇನ್ನೆಂತಕ್ಕೆ ಮಾವ ಇದು?"

"ಬಾವಿಗೆ ಕಟ್ಟುವ. ಹಗ್ಗ ನೀನೇ ಹಿಡಿ, ನನಗೆ ಇನ್ನು ಎಳೆಯಲಿಕ್ಕೆ ಆಗುದಿಲ್ಲ," ಎಂದು ಅವರೇ ನನ್ನ ಕೈಗೆ ಹಗ್ಗ ಕೊಟ್ಟರು.